ಕೋಲಾರದ ಕೆರೆಗಳನ್ನು ಗ್ರಂಥಾಲಯದಲ್ಲಿ ಹುಡುಕುವುದು: ಪದವಿ ವಿದ್ಯಾರ್ಥಿಯ ಸಂಶೋಧನಾ ಪ್ರಬಂಧಕ್ಕೊಂದು ದಾರಿ

ಪದವಿಯ ಕೊನೆಯ ವರ್ಷದಲ್ಲಿ ಸಂಶೋಧನಾ ಪ್ರಬಂಧ ಬರೆಯಬೇಕು ಎಂದಾಗ ಹೆಚ್ಚಿನ ವಿದ್ಯಾರ್ಥಿಗಳು ಗ್ರಂಥಾಲಯದ ಕೌಂಟರಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: "ಸರ್, ನೀರಾವರಿ ಮೇಲೆ ಯಾವುದಾದ್ರೂ ಬುಕ್ ಇದೆಯಾ?" ಇದೆ. ರಾಶಿ ಇವೆ. ತೊಂದರೆ ಇರುವುದೇ ಅಲ್ಲಿ. ಅವುಗಳಲ್ಲಿ ಮೂರನ್ನು ಎತ್ತಿಕೊಂಡು, ಮುನ್ನುಡಿಯಿಂದ ಒಂದಿಷ್ಟು, ವಿಕಿಪೀಡಿಯದಿಂದ ಒಂದಿಷ್ಟು ಸೇರಿಸಿದರೆ ಪುಟ ತುಂಬುತ್ತದೆ, ಪ್ರಬಂಧ ಆಗುವುದಿಲ್ಲ. ಸಾಮಗ್ರಿಯೇ ಇಲ್ಲದೆ ಸೊರಗಿದ ಪ್ರಬಂಧಗಳು ಕಡಿಮೆ. ಇದ್ದ ಸಾಮಗ್ರಿಯನ್ನು ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿ ಹುಡುಕಿ "ಏನೂ ಸಿಗಲಿಲ್ಲ" ಎಂದು ಕೈಚೆಲ್ಲಿದವೇ ಹೆಚ್ಚು.

ಸಾಮಾನ್ಯ ಸಲಹೆಗಳ ಪಟ್ಟಿ ಕೊಡುವ ಬದಲು ಒಂದೇ ವಿಷಯವನ್ನು ಹಿಡಿದು ಕೊನೆಯವರೆಗೂ ಹೋಗೋಣ: ಕೋಲಾರ ಜಿಲ್ಲೆಯ ಕೆರೆ ನೀರಾವರಿ. ಅರ್ಥಶಾಸ್ತ್ರ, ಇತಿಹಾಸ, ಭೂಗೋಳ, ಸಮಾಜಶಾಸ್ತ್ರ ಯಾವ ವಿಭಾಗದವರಿಗೂ ಇದು ಹೊಂದುತ್ತದೆ. ನಿಮ್ಮ ವಿಷಯ ಬೇರೆಯಾಗಿದ್ದರೂ ಎಡವುವ ಜಾಗಗಳು ಇವೇ.

"ಕೋಲಾರದ ಕೆರೆಗಳು" ಎಂಬುದು ವಿಷಯ, ಪ್ರಶ್ನೆಯಲ್ಲ. ಪ್ರಶ್ನೆ ಹೀಗಿರಬಹುದು: ಕೊಳವೆಬಾವಿಗಳು ಬಂದ ಮೇಲೆ ಕೆರೆ ನೀರನ್ನು ಗದ್ದೆಗೆ ಹಂಚುತ್ತಿದ್ದ ನೀರಗಂಟಿಯ ಕೆಲಸ ಏನಾಯಿತು? ಅಥವಾ ಹೀಗೆ: 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ಹುಟ್ಟಿದ ಕೆರೆ ಬಳಕೆದಾರರ ಸಂಘಗಳು ಯೋಜನೆ ಮುಗಿದ ಮೇಲೆ ಉಳಿದವೇ? ಅಥವಾ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬಂದ ಮೇಲೆ ಅಂತರ್ಜಲ ಏನಾಗಿದೆ? ಮೂರೂ ಕೋಲಾರದ ಕೆರೆಗಳೇ. ಆದರೆ ಮೊದಲನೆಯದಕ್ಕೆ ಗೆಜೆಟಿಯರ್ (ಜಿಲ್ಲೆಯ ಸರ್ಕಾರಿ ಮಾಹಿತಿ ಗ್ರಂಥ), ಶಾಸನ ಸಂಪುಟ, ಹಳೆಯ ಗ್ರಾಮ ಅಧ್ಯಯನಗಳು ಬೇಕು. ಎರಡನೆಯದಕ್ಕೆ ಯೋಜನಾ ವರದಿಗಳು ಮತ್ತು ಸಮಾಜವಿಜ್ಞಾನದ ಜರ್ನಲ್‌ಗಳು. ಮೂರನೆಯದಕ್ಕೆ ಜಲವಿಜ್ಞಾನದ ಲೇಖನಗಳು ಮತ್ತು ಪತ್ರಿಕಾ ವರದಿಗಳು. ಪ್ರಶ್ನೆ ಬದಲಾದರೆ ಹೋಗಬೇಕಾದ ಕಪಾಟೇ ಬದಲಾಗುತ್ತದೆ. ಇದನ್ನು ತೀರ್ಮಾನಿಸದೆ ಒಳಗೆ ಹೋದವರು ಮೂರೂ ಕಡೆ ಸುತ್ತಿ ಎಲ್ಲಿಯೂ ನಿಲ್ಲುವುದಿಲ್ಲ.

ನಾಲ್ಕು ಸಾವಿರ ಪದಗಳ ಪ್ರಬಂಧಕ್ಕೆ ಹನ್ನೊಂದರಿಂದ ಹದಿನಾಲ್ಕು ಆಕರಗಳು ಸಾಕು: ಎರಡು ಮೂರು ಪುಸ್ತಕ, ಆರೇಳು ಜರ್ನಲ್ ಲೇಖನ, ಎರಡು ಸರ್ಕಾರಿ ವರದಿ, ಒಂದೆರಡು ಮೂಲ ದಾಖಲೆ. ನಲವತ್ತು ಪುಸ್ತಕಗಳ ಪಟ್ಟಿ ಕೊಟ್ಟವರು ನಲವತ್ತನ್ನೂ ಓದಿಲ್ಲ ಎಂಬುದು ಮೌಲ್ಯಮಾಪಕರಿಗೆ ಎರಡನೆಯ ಪುಟದಲ್ಲೇ ಗೊತ್ತಾಗುತ್ತದೆ.

ಯಾವ ಹೆಸರಿನಲ್ಲಿ ಹುಡುಕಬೇಕು

ಇಂಗ್ಲಿಷ್ ಡೇಟಾಬೇಸ್‌ನಲ್ಲಿ ಕೆರೆಗೆ "ಲೇಕ್" ಎಂದು ಹಾಕಿದರೆ ಬೆಂಗಳೂರಿನ ನಗರ ಕೆರೆಗಳ ಮಾಲಿನ್ಯದ ಮೇಲಿನ ಲೇಖನಗಳು ಬಂದು ಬೀಳುತ್ತವೆ. ನೀರಾವರಿ ಕೆರೆಗೆ ಬ್ರಿಟಿಷರ ಕಾಲದಿಂದ ಕಾಗದಪತ್ರಗಳಲ್ಲಿ ನಿಂತಿರುವ ಪದ "ಟ್ಯಾಂಕ್". ಸಮಾಜವಿಜ್ಞಾನದವರೂ ಅದನ್ನೇ ಬಳಸುತ್ತಾರೆ. ಹಾಗೆಂದು ಬರೀ "ಟ್ಯಾಂಕ್" ಹಾಕಿದರೆ ಯುದ್ಧ ಟ್ಯಾಂಕು, ಸೆಪ್ಟಿಕ್ ಟ್ಯಾಂಕು ಎಲ್ಲವೂ ಬರುತ್ತವೆ. "ಟ್ಯಾಂಕ್ ಇರಿಗೇಶನ್" ಎಂದು ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಆಗ ಅವು ಒಟ್ಟಿಗೆ ಇರುವ ಬರಹ ಮಾತ್ರ ಸಿಗುತ್ತದೆ. ಜೊತೆಗೆ "ಮೈನರ್ ಇರಿಗೇಶನ್", "ಕಾಮನ್ ಪೂಲ್ ರಿಸೋರ್ಸಸ್", "ವಾಟರ್ ಯೂಸರ್ಸ್ ಅಸೋಸಿಯೇಶನ್" ಇವನ್ನೂ ಬೇರೆಬೇರೆಯಾಗಿ ಹಾಕಿ ನೋಡಿ. ತಮಿಳುನಾಡಿನ "ಏರಿ", ಆಂಧ್ರದ "ಚೆರುವು" ಎಂಬ ಹೆಸರಿನಲ್ಲೂ ಬೇಕಾದಷ್ಟು ಕೆಲಸ ನಡೆದಿದೆ. ಕೋಲಾರ ಎರಡೂ ರಾಜ್ಯಗಳ ಗಡಿಯ ಜಿಲ್ಲೆ, ಹೋಲಿಕೆಗೆ ಅವು ಬೇಕಾಗುತ್ತವೆ.

ಊರಿನ ಹೆಸರುಗಳು ಇನ್ನೊಂದು ಗುಂಡಿ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಯಿತು. ಅದಕ್ಕೂ ಹಿಂದಿನ "ಕೋಲಾರ ಜಿಲ್ಲೆ" ಎಂದರೆ ಈಗಿನ ಎರಡು ಜಿಲ್ಲೆ. ರಾಜ್ಯದ ಹೆಸರು ಬದಲಾಗಿದ್ದು 1973ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಸರ್ಕಾರಿ ಪ್ರಕಟಣೆಗಳೆಲ್ಲ "ಮೈಸೂರು ಸ್ಟೇಟ್" ಎಂಬ ಹೆಸರಿನಲ್ಲಿವೆ. 1968ರ ಕೋಲಾರ ಜಿಲ್ಲಾ ಗೆಜೆಟಿಯರ್ ಕೂಡ ಮೈಸೂರು ಸ್ಟೇಟ್ ಗೆಜೆಟಿಯರ್ ಮಾಲೆಯದೇ. "ಕರ್ನಾಟಕ ಗೆಜೆಟಿಯರ್ ಕೋಲಾರ" ಎಂದು ಹುಡುಕಿದವರಿಗೆ ಅದು ಸಿಗದೇ ಹೋಗಬಹುದು. ಇನ್ನೂ ಹಿಂದೆ ಹೋದರೆ ಇಂದಿನ ಬಂಗಾರಪೇಟೆ "ಬೌರಿಂಗ್‌ಪೇಟೆ" ಆಗಿ ಕಾಣಿಸಿಕೊಳ್ಳುತ್ತದೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದರಿಂದ ತುಮಕೂರು, ಶಿವಮೊಗ್ಗ, ಬಳ್ಳಾರಿ, ಬೆಳಗಾವಿ, ಕಲಬುರಗಿ, ವಿಜಯಪುರ ಇವುಗಳ ಮೇಲೆ ಬರೆಯುವವರು ಹಳೆಯ ಸ್ಪೆಲಿಂಗನ್ನೂ ಹಾಕಲೇಬೇಕು.

ಇವೆಲ್ಲವನ್ನೂ ಒಂದೇ ಸಲ ಹುಡುಕಲು ಡೇಟಾಬೇಸ್‌ಗಳಲ್ಲಿ ಮೂರು ಇಂಗ್ಲಿಷ್ ಪದಗಳಿವೆ: ಆಂಡ್, ಆರ್, ನಾಟ್. ದೊಡ್ಡಕ್ಷರಗಳಲ್ಲೇ ಬರೆಯುವುದು ಒಳ್ಳೆಯದು, ಕೆಲವು ಕಡೆ ಸಣ್ಣಕ್ಷರದಲ್ಲಿ ಬರೆದರೆ ಅದನ್ನು ಆಜ್ಞೆ ಎಂದು ಪರಿಗಣಿಸುವುದಿಲ್ಲ. ಒಂದೇ ಅರ್ಥದ ಪದಗಳ ನಡುವೆ "ಆರ್" ಹಾಕಿ ಕಂಸದೊಳಗೆ ಸೇರಿಸಿ, ಬೇರೆ ಬೇರೆ ಸಂಗತಿಗಳ ನಡುವೆ "ಆಂಡ್" ಹಾಕಿ. ನಮ್ಮ ಉದಾಹರಣೆಯಲ್ಲಿ: ("ಟ್ಯಾಂಕ್ ಇರಿಗೇಶನ್" ಆರ್ "ಮೈನರ್ ಇರಿಗೇಶನ್") ಆಂಡ್ (ಕೋಲಾರ್ ಆರ್ ಚಿಕ್ಕಬಳ್ಳಾಪುರ). "ನಾಟ್" ಬಳಸುವಾಗ ಜೋಪಾನ. "ನಾಟ್ ಅರ್ಬನ್" ಎಂದು ಹಾಕಿದರೆ ಹಳ್ಳಿ ಕೆರೆಗಳ ಬಗ್ಗೆಯೇ ಇರುವ, ಆದರೆ ಒಂದು ಸಾಲಿನಲ್ಲಿ ನಗರದ ಪ್ರಸ್ತಾಪ ಬಂದ ಲೇಖನವೂ ಹಾರಿಹೋಗುತ್ತದೆ.

ಹಾಕಿದ ಪದ, ಹಾಕಿದ ಜಾಗ, ಬಂದ ಫಲಿತಾಂಶ ಇವನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಡಿ. ಮೂರನೆಯ ವಾರದಲ್ಲಿ ಅದೇ ಪದವನ್ನು ಅದೇ ಜಾಗದಲ್ಲಿ ಮತ್ತೆ ಹುಡುಕುವುದು ತಪ್ಪುತ್ತದೆ.

ಕ್ಯಾಟಲಾಗ್‌ನಿಂದ ಕಪಾಟಿಗೆ

ಬಹುತೇಕ ವಿಶ್ವವಿದ್ಯಾಲಯಗಳ ಕ್ಯಾಟಲಾಗ್ ಈಗ ಕಂಪ್ಯೂಟರಿನಲ್ಲಿದೆ. ಅದರ ಹೆಸರು ಓಪ್ಯಾಕ್. ಹಿಂದೆ ಓಡುತ್ತಿರುವ ತಂತ್ರಾಂಶ ಕೋಹಾ ಇರಬಹುದು, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಸೋಲ್ ಇರಬಹುದು, ಎನ್‌ಐಸಿಯ ಇ-ಗ್ರಂಥಾಲಯ ಇರಬಹುದು. ಬಳಸುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ಕೀವರ್ಡ್ ಹಾಕಿ ಹುಡುಕಿ. ಸರಿಯಾದ ಒಂದು ಪುಸ್ತಕ ಸಿಕ್ಕರೆ ಅಲ್ಲಿಗೇ ಮುಗಿಸಬೇಡಿ. ಅದರ ಪೂರ್ಣ ದಾಖಲೆ ತೆರೆದು "ಸಬ್ಜೆಕ್ಟ್" ಎಂಬಲ್ಲಿರುವ ಶೀರ್ಷಿಕೆಯನ್ನು ಒತ್ತಿ. ಆ ಗ್ರಂಥಾಲಯದಲ್ಲಿ ಅದೇ ವಿಷಯದಡಿ ಸೇರಿಸಿದ ಬೇರೆ ಪುಸ್ತಕಗಳೂ ಬರುತ್ತವೆ, ಅವುಗಳ ಹೆಸರಿನಲ್ಲಿ ನೀವು ಹುಡುಕಿದ ಪದ ಇಲ್ಲದಿದ್ದರೂ ಕೂಡ.

ದಾಖಲೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ, ಇವನ್ನು ಗೊಂದಲ ಮಾಡಿಕೊಳ್ಳದ ವಿದ್ಯಾರ್ಥಿ ಅಪರೂಪ. ಅಕ್ಸೆಷನ್ ನಂಬರ್ ಆ ಪ್ರತಿ ಗ್ರಂಥಾಲಯಕ್ಕೆ ಬಂದ ಕ್ರಮದ ಸಂಖ್ಯೆ. ಅದರಿಂದ ಪುಸ್ತಕ ಎಲ್ಲಿದೆ ಎಂದು ತಿಳಿಯುವುದಿಲ್ಲ. ಕಾಲ್ ನಂಬರ್ ಎಂಬುದೇ ಕಪಾಟಿನ ವಿಳಾಸ. ಬರೆದುಕೊಳ್ಳುವಾಗ ಅದನ್ನು ಪೂರ್ತಿ ಬರೆದುಕೊಳ್ಳಿ, ಕೊನೆಯ ಲೇಖಕ ಸೂಚಕ ಅಕ್ಷರಗಳನ್ನೂ ಸೇರಿಸಿ. ಪುಸ್ತಕಗಳನ್ನು ವಿಷಯವಾರು ಅಂಕಿಗಳಲ್ಲಿ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಚುಕ್ಕೆಯ ನಂತರದ್ದು ದಶಮಾಂಶ. ಆದ್ದರಿಂದ 333.913 ಎಂಬುದು 333.92ಕ್ಕಿಂತ ಮೊದಲು ಬರುತ್ತದೆ. ಒಂಬೈನೂರ ಹದಿಮೂರು ತೊಂಬತ್ತೆರಡಕ್ಕಿಂತ ದೊಡ್ಡದಲ್ಲವೇ ಎಂದುಕೊಂಡು ಮುಂದಿನ ಕಪಾಟಿಗೆ ಹೋದವರು ಪುಸ್ತಕ ಕಳೆದುಹೋಗಿದೆ ಎಂದು ದೂರು ಕೊಡಲು ಬರುತ್ತಾರೆ.

ನಮ್ಮ ವಿಷಯದ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ. ಸಂಪನ್ಮೂಲವಾಗಿ ನೀರಾವರಿ ನೀರು 333.913ರಲ್ಲಿ, ನೀರಾವರಿ ಎಂಜಿನಿಯರಿಂಗ್ 627.52ರಲ್ಲಿ, ಬೇಸಾಯದ ಭಾಗವಾಗಿ ನೀರಾವರಿ 631.587ರಲ್ಲಿ, ಕೃಷಿ ಅರ್ಥಶಾಸ್ತ್ರ 338.1ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ಹಲವು ಗ್ರಂಥಾಲಯಗಳಲ್ಲಿ ಇವು ಬೇರೆ ಬೇರೆ ಮಹಡಿಯಲ್ಲಿರುತ್ತವೆ. ಕಪಾಟಿನ ಮುಂದೆ ನಿಂತು ಅಕ್ಕಪಕ್ಕ ಕಣ್ಣಾಡಿಸುವುದು ಒಳ್ಳೆಯ ಅಭ್ಯಾಸವೇ, ಆದರೆ ಒಂದೇ ಕಪಾಟಿನ ಮುಂದೆ ನಿಂತರೆ ವಿಷಯದ ಐದನೆಯ ಒಂದು ಭಾಗ ಮಾತ್ರ ಕಾಣುತ್ತದೆ.

ಕಂಪ್ಯೂಟರ್ "ಅವೈಲಬಲ್" ಎನ್ನುತ್ತದೆ, ಕಪಾಟಿನಲ್ಲಿ ಪುಸ್ತಕ ಇಲ್ಲ. ಇದು ದಿನನಿತ್ಯದ ಮಾತು. ಓದಿ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳ ಟ್ರಾಲಿ, ಮೇಲಿನ ಮತ್ತು ಕೆಳಗಿನ ಅರೆ, ರೆಫರೆನ್ಸ್ ವಿಭಾಗ, ಬೈಂಡಿಂಗ್‌ಗೆ ಹೋದ ಪಟ್ಟಿ ಇಷ್ಟನ್ನೂ ನೋಡಿ ಆಮೇಲೆ ಸಿಬ್ಬಂದಿಯನ್ನು ಕೇಳಿ. ಹಳೆಯ ಗ್ರಂಥಾಲಯಗಳಲ್ಲಿ ಇದರ ತಿರುವುಮುರುವೂ ಉಂಟು: ಪುಸ್ತಕ ಕಪಾಟಿನಲ್ಲಿದೆ, ಓಪ್ಯಾಕ್‌ನಲ್ಲಿ ಇಲ್ಲ. ಕಾರ್ಡ್ ಕ್ಯಾಟಲಾಗ್‌ನ ಎಲ್ಲ ಹಳೆಯ ನಮೂದುಗಳೂ ಕಂಪ್ಯೂಟರಿಗೆ ಏರಿರುವುದಿಲ್ಲ. ಮರದ ಡ್ರಾಯರುಗಳು ಇನ್ನೂ ಉಳಿದಿದ್ದರೆ ಅಲ್ಲಿಯೂ ನೋಡಿ.

ಸಂಯೋಜಿತ ಕಾಲೇಜಿನ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಪುಸ್ತಕ ಮನೆಗೆ ಒಯ್ಯುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ, ಒಳಗೆ ಕೂತು ಓದಲು ಅನುಮತಿ ಸಿಗುತ್ತದೆ. ಪ್ರಾಂಶುಪಾಲರ ಅಥವಾ ಕಾಲೇಜು ಗ್ರಂಥಪಾಲಕರ ಪತ್ರ, ಗುರುತಿನ ಚೀಟಿ, ಪ್ರಬಂಧದ ವಿಷಯ, ಬೇಕಾದ ದಿನಗಳು ಇಷ್ಟು ಕೈಯಲ್ಲಿರಲಿ. ಹೋಗುವ ಮೊದಲೇ ಮನೆಯಲ್ಲಿ ಓಪ್ಯಾಕ್ ನೋಡಿ ಕಾಲ್ ನಂಬರ್‌ಗಳ ಪಟ್ಟಿ ಮಾಡಿಕೊಂಡರೆ ಇಡೀ ದಿನ ಓದಿಗೇ ಉಳಿಯುತ್ತದೆ.

ರೆಫರೆನ್ಸ್ ಮೇಜಿನಲ್ಲಿ ಕೂತವರನ್ನು ಕೇಳಲು ಸಂಕೋಚ ಪಡುವವರೇ ಹೆಚ್ಚು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸು ಎಂಬುದು. ಗ್ರಂಥಾಲಯ ವಿಜ್ಞಾನ ಓದಿದ ಪ್ರತಿಯೊಬ್ಬರಿಗೂ ಅದು ಬಾಯಿಪಾಠ. ಆದರೆ ಕೇಳುವ ರೀತಿ ಇದೆ. "ಕೆರೆ ಮೇಲೆ ಏನಾದ್ರೂ ಕೊಡಿ" ಎಂದರೆ ಏನಾದರೂ ಕೊಡುತ್ತಾರೆ, ಅಷ್ಟೆ. "ಕೋಲಾರದಲ್ಲಿ ಕೆರೆ ಬಳಕೆದಾರರ ಸಂಘಗಳ ಬಗ್ಗೆ 2002ರ ನಂತರದ ಅಧ್ಯಯನ ಬೇಕು ಮೇಡಂ, ಓಪ್ಯಾಕ್‌ನಲ್ಲಿ ಈ ಎರಡು ಸಿಕ್ಕಿವೆ, ಇದರ ಆಚೆಗೆ ಎಲ್ಲಿ ನೋಡಲಿ?" ಎಂದರೆ ಅವರು ಎದ್ದು ಬರುತ್ತಾರೆ.

ಕನ್ನಡದಲ್ಲಿ ಹುಡುಕುವಾಗ

ಕನ್ನಡ ಪುಸ್ತಕಗಳು ಕ್ಯಾಟಲಾಗ್‌ನಲ್ಲಿ ಮೂರು ಬಗೆಯಾಗಿ ಅಡಗಿರುತ್ತವೆ: ಕನ್ನಡ ಯೂನಿಕೋಡ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, ಕೆಲವೊಮ್ಮೆ ಇಂಗ್ಲಿಷಿಗೆ ಅನುವಾದಿಸಿದ ಹೆಸರಿನಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ನೀರಾವರಿಯನ್ನು ಒಬ್ಬರು ಎರಡು "ಇ" ಹಾಕಿ, ಇನ್ನೊಬ್ಬರು ಒಂದು "ಐ" ಹಾಕಿ, ಮತ್ತೊಬ್ಬರು ನಡುವೆ ಎರಡು "ಎ" ಹಾಕಿ ನಮೂದಿಸಿರುತ್ತಾರೆ. ಎಲ್ಲ ಬಗೆಯನ್ನೂ ಹಾಕಿ ನೋಡುವುದೇ ದಾರಿ. ಕೋಹಾದಲ್ಲಿ ಪದದ ಮೊದಲ ಭಾಗ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ, ಕೊನೆಯ ಅಕ್ಷರಗಳ ಗೊಂದಲ ಸ್ವಲ್ಪ ಕಡಿಮೆಯಾಗುತ್ತದೆ.

ಕನ್ನಡ ಲಿಪಿಯಲ್ಲೇ ಹುಡುಕಿದರೂ ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಅರ್ಥಕ್ಕಲ್ಲ. ಮೈಸೂರು ವಿಶ್ವವಿದ್ಯಾಲಯದ ಹಳೆಯ ಪತ್ರಿಕೆಯ ಹೆಸರು "ಪ್ರಬುದ್ಧ ಕರ್ಣಾಟಕ", ಣಕಾರದಲ್ಲಿ. "ಕರ್ನಾಟಕ" ಎಂದು ಹಾಕಿದರೆ ಬಾರದೇ ಇರಬಹುದು. ಅರ್ಕಾವತ್ತಿನದು ಇನ್ನೂ ಸೂಕ್ಷ್ಮ: "ಕಾರ್ಯ" ಮತ್ತು "ಕಾರ‍್ಯ" ಓದುವವರಿಗೆ ಒಂದೇ, ಯೂನಿಕೋಡ್‌ನಲ್ಲಿ ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಕೂತಿರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಅರ್ಕಾವತ್ತು ಇರುವ ಪದವನ್ನು ಬಿಟ್ಟು ಶೀರ್ಷಿಕೆಯ ಬೇರೊಂದು ಪದದಿಂದ ಹುಡುಕುವುದು ಸುಲಭದ ಉಪಾಯ.

ಲೇಖಕರ ಹೆಸರಿನಲ್ಲೂ ಇದೇ ಪಾಡು. ಕುವೆಂಪು ಅವರ ಪುಸ್ತಕ "ಕುವೆಂಪು" ಎಂಬಲ್ಲಿಯೂ ಇರಬಹುದು, "ಪುಟ್ಟಪ್ಪ, ಕೆ.ವಿ." ಎಂಬಲ್ಲಿಯೂ ಇರಬಹುದು. ಮಾಸ್ತಿಯವರದು "ಶ್ರೀನಿವಾಸ" ಎಂಬ ಕಾವ್ಯನಾಮದಲ್ಲಿ, ಬೇಂದ್ರೆಯವರದು "ಅಂಬಿಕಾತನಯದತ್ತ" ಎಂದು. ಕನ್ನಡ ಸಾಹಿತ್ಯದ ಮೇಲೆ ಬರೆಯುವವರು ಡ್ಯೂಯಿಯ 894.814ನೇ ಕಪಾಟಿಗೇ ಹೋಗಿ ನಿಲ್ಲುವುದು ಕ್ಯಾಟಲಾಗ್ ಜೊತೆ ಗುದ್ದಾಡುವುದಕ್ಕಿಂತ ಬೇಗ.

ಡಿಜಿಟಲ್ ಆದ ಕನ್ನಡ ಪ್ರಬಂಧಗಳದ್ದು ಬೇರೆಯೇ ಗೋಳು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಿಡಿಎಫ್ ಪರದೆಯ ಮೇಲೆ ಚಂದವಾಗಿ ಕಾಣುತ್ತದೆ. ಒಂದು ಸಾಲನ್ನು ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಬರುತ್ತವೆ, ಏಕೆಂದರೆ ಆ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ಹೀಗಾಗಿ ಅಂಥ ಪಿಡಿಎಫ್‌ನ ಒಳಗೆ "ನೀರಗಂಟಿ" ಎಂದು ಹುಡುಕಿದರೆ ನೂರು ಕಡೆ ಆ ಪದ ಇದ್ದರೂ ಸೊನ್ನೆ ಫಲಿತಾಂಶ. ಆ ಸೊನ್ನೆಯನ್ನು ನಂಬಬೇಡಿ. ಪರಿವಿಡಿ ನೋಡಿ ಪುಟ ತೆರೆದು ಓದಿ. ಸ್ಕ್ಯಾನ್ ಆದ ಪುಟವಾಗಿದ್ದರೆ 2 ಎಂಬಿ ಒಳಗಿನ ಚಿಕ್ಕ ತುಂಡು ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಖಂಡಿತ ಇರುತ್ತದೆ, ಉಲ್ಲೇಖಿಸುವ ಪ್ರತಿ ಸಾಲನ್ನೂ ಮೂಲ ಚಿತ್ರದ ಜೊತೆ ಹೋಲಿಸಲೇಬೇಕು.

"ಪ್ರಬುದ್ಧ ಕರ್ಣಾಟಕ", ಬೆಂಗಳೂರು ವಿಶ್ವವಿದ್ಯಾಲಯದ "ಸಾಧನೆ", ಕರ್ನಾಟಕ ವಿಶ್ವವಿದ್ಯಾಲಯದ "ಕರ್ನಾಟಕ ಭಾರತಿ", ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ ಇಂಥವುಗಳ ಹಳೆಯ ಲೇಖನಗಳು ಅಂತರರಾಷ್ಟ್ರೀಯ ಡೇಟಾಬೇಸ್‌ಗಳಲ್ಲಿ ಕಾಣುವುದಿಲ್ಲ. ಬೌಂಡ್ ವಾಲ್ಯೂಮ್ ವಿಭಾಗಕ್ಕೆ ಹೋಗಿ, ಒಂದೊಂದು ಸಂಪುಟದ ಪರಿವಿಡಿ ತಿರುವಿ ಹಾಕಬೇಕು. ಅರ್ಧ ದಿನದ ಕೆಲಸ, ಬೆರಳಿಗೆ ಧೂಳು. ಪದವಿ ಪ್ರಬಂಧದಲ್ಲಿ ಬೇರೆಯವರು ಯಾರೂ ಬಳಸದ ಆಕರ ಸಿಗುವುದು ಹೆಚ್ಚಾಗಿ ಅಲ್ಲೇ.

ಜರ್ನಲ್‌ಗಳ ಬಾಗಿಲು

ಲೇಖನವೊಂದನ್ನು ಒತ್ತಿದಾಗ ಮೂವತ್ತು ನಲವತ್ತು ಡಾಲರ್ ಕಟ್ಟಿ ಎಂದು ಪ್ರಕಾಶಕರ ಪುಟ ಕೇಳಿದರೆ ಕಟ್ಟಬೇಡಿ. ಆ ಹಣವನ್ನು ನಿಮ್ಮ ಪರವಾಗಿ ಬೇರೆ ಯಾರೋ ಆಗಲೇ ಕಟ್ಟಿರುವ ಸಾಧ್ಯತೆ ಇದೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆ 2025ರ ಜನವರಿ 1ರಿಂದ ನಡೆಯುತ್ತಿದೆ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆಂಡ್ ಫ್ರಾನ್ಸಿಸ್, ಸೇಜ್ ಸೇರಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಇದು. ನೋಡಿಕೊಳ್ಳುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಕ್ಯಾಂಪಸ್ಸಿನ ಒಳಗೆ ವಿಶ್ವವಿದ್ಯಾಲಯದ ಇಂಟರ್‌ನೆಟ್ ಬಳಸಿದರೆ ಐಪಿ ವಿಳಾಸದಿಂದಲೇ ಬಾಗಿಲು ತೆರೆಯುತ್ತದೆ. ಹೊರಗಿನಿಂದ ಆದರೆ ಸಂಸ್ಥೆ ಕೊಟ್ಟ ಲಾಗಿನ್ ಬೇಕು, ಹೆಚ್ಚಾಗಿ ಇನ್‌ಫೆಡ್ ಎಂಬ ಗುರುತು ಪರಿಶೀಲನಾ ವ್ಯವಸ್ಥೆಯ ಮೂಲಕ. ಇಲ್ಲಿ ಎಡವಟ್ಟಾಗುವುದು ಹೀಗೆ: ಗ್ರಂಥಾಲಯದಲ್ಲೇ ಕೂತು ಮೊಬೈಲಿನ ಸ್ವಂತ ಡೇಟಾ ಬಳಸುತ್ತಿದ್ದರೆ ಪ್ರಕಾಶಕರ ಕಣ್ಣಿಗೆ ನೀವು ಹೊರಗಿನವರು. ಕ್ಯಾಂಪಸ್ ವೈಫೈಗೆ ಸೇರಿ ಪುಟವನ್ನು ಮತ್ತೆ ತೆರೆಯಿರಿ.

ಕಾಲೇಜುಗಳಿಗೆ ಇನ್‌ಫ್ಲಿಬ್‌ನೆಟ್‌ನದೇ ಎನ್-ಲಿಸ್ಟ್ ಎಂಬ ಸೇವೆ ಇದೆ, ವಿಶೇಷವಾಗಿ ಇ-ಪುಸ್ತಕಗಳಿಗೆ ಉಪಯುಕ್ತ. ಐಡಿ ಕೊಡಿಸುವವರು ನಿಮ್ಮ ಕಾಲೇಜಿನ ಗ್ರಂಥಪಾಲಕರು. ಕಾಲೇಜು ಸದಸ್ಯತ್ವ ಪಡೆದಿದ್ದರೂ ವಿದ್ಯಾರ್ಥಿಗಳು ಕೇಳದೆ ಇರುವುದರಿಂದ ಹೆಸರು ನೋಂದಾಯಿಸದೇ ಉಳಿದಿರುವುದು ಸಾಮಾನ್ಯ.

ಒಂದು ಎಚ್ಚರಿಕೆ: ಒಂದು ಜರ್ನಲ್‌ನ ಎಲ್ಲ ಸಂಚಿಕೆಗಳನ್ನು ಒಂದೇ ಕೂತಲ್ಲಿ ಇಳಿಸಿಕೊಳ್ಳಲು ಹೊರಟರೆ ಪ್ರಕಾಶಕರ ಯಂತ್ರ ಅದನ್ನು ಕಳ್ಳತನವೆಂದು ಪರಿಗಣಿಸಿ ಇಡೀ ಕ್ಯಾಂಪಸ್ಸಿನ ಸಂಪರ್ಕವನ್ನೇ ತಡೆಯಬಹುದು.

ಭಾರತದ ಸಮಾಜವಿಜ್ಞಾನಕ್ಕೆ "ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ"ಯನ್ನು ಬಿಟ್ಟು ಕೆರೆ ನೀರಾವರಿಯ ಮಾತೇ ಆಡಲಾಗದು. ಅದರ ಹಳೆಯ ಸಂಚಿಕೆಗಳು ಜೆಸ್ಟೋರ್‌ನಲ್ಲಿವೆ. ಜೆಸ್ಟೋರ್ ಮೂಲತಃ ಹಳೆಯ ಸಂಚಿಕೆಗಳ ಭಂಡಾರ, ಅಲ್ಲಿನ ಬಹಳಷ್ಟು ಜರ್ನಲ್‌ಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಇರುವುದಿಲ್ಲ. ಅಲ್ಲಿ ಮಾತ್ರ ಹುಡುಕಿದವರ ಪ್ರಬಂಧ ಕೆ.ಸಿ. ವ್ಯಾಲಿಯ ಹೊಸ್ತಿಲಲ್ಲೇ ನಿಂತುಬಿಡಬಹುದು.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದುಕೊಳ್ಳಿ. ಅದರ ಕೊನೆಯ ಆಕರ ಪಟ್ಟಿ ನಿಮ್ಮನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಕೆಳಗಿನ "ಸೈಟೆಡ್ ಬೈ" ಮುಂದಿನ ಕಾಲಕ್ಕೆ ಒಯ್ಯುತ್ತದೆ, ಅದನ್ನು ಉಲ್ಲೇಖಿಸಿದ ಹೊಸ ಲೇಖನಗಳೆಲ್ಲ ಅಲ್ಲಿರುತ್ತವೆ. ಪಕ್ಕದ "ಆಲ್ ವರ್ಷನ್ಸ್" ಒತ್ತಿದರೆ ಲೇಖಕರೇ ತಮ್ಮ ಸಂಸ್ಥೆಯ ಪುಟದಲ್ಲಿ ಇಟ್ಟ ಉಚಿತ ಪ್ರತಿ ಸಿಗುವುದುಂಟು. ಹುಡುಕು ಪದಗಳನ್ನು ಬದಲಿಸುತ್ತ ಕೂರುವುದಕ್ಕಿಂತ ಈ ಎರಡು ಹೆಜ್ಜೆಯಿಂದ ಹೆಚ್ಚು ದಕ್ಕುತ್ತದೆ. ಬೆಂಗಳೂರಿನ ನಾಗರಬಾವಿಯ ಐಸೆಕ್ ಸಂಸ್ಥೆಯ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ವರ್ಕಿಂಗ್ ಪೇಪರ್‌ಗಳನ್ನೂ ನೋಡಿ, ಕರ್ನಾಟಕದ ಕೃಷಿ, ನೀರು, ವಿಕೇಂದ್ರೀಕರಣದ ಮೇಲೆ ಅಲ್ಲಿ ಬಹಳ ಕೆಲಸವಾಗಿದೆ.

ಶೋಧಗಂಗಾವನ್ನು ಓದುವ ರೀತಿ

ಯುಜಿಸಿಯ 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರುತ್ತ ಬಂದಿವೆ. ಪ್ರತಿ ಪ್ರಬಂಧ ಅಧ್ಯಾಯವಾರು ತುಂಡಾಗಿ ಬೇರೆ ಬೇರೆ ಪಿಡಿಎಫ್ ಆಗಿರುತ್ತದೆ. ಮೊದಲನೆಯದು ಶೀರ್ಷಿಕೆ ಪುಟ. 80 ಎಂಬ ಅಂಕಿಯಿಂದ ಶುರುವಾಗುವ ಕಡತದಲ್ಲಿ ಸಾಮಾನ್ಯವಾಗಿ ಉಪಸಂಹಾರ, ಶಿಫಾರಸು ಇರುತ್ತವೆ. ಮೊದಲು ಪರಿವಿಡಿ, ಆಮೇಲೆ ಈ 80ರ ಕಡತ, ಆಮೇಲೆ ಸಾಹಿತ್ಯ ಸಮೀಕ್ಷೆಯ ಅಧ್ಯಾಯ, ಕೊನೆಗೆ ಗ್ರಂಥಋಣ. ಒಂದು ಗಂಟೆಯಲ್ಲಿ ಆ ಪ್ರಬಂಧ ನಿಮಗೆ ಬೇಕೋ ಬೇಡವೋ ತೀರ್ಮಾನವಾಗುತ್ತದೆ.

ಶೋಧಗಂಗಾದಲ್ಲಿ ಇದೆ ಎಂದ ಮಾತ್ರಕ್ಕೆ ಅದು ಪ್ರಮಾಣವಾಗದು. ಗುಣಮಟ್ಟ ಅಜಗಜಾಂತರ. ಸಮೀಕ್ಷೆಯ ಅಧ್ಯಾಯವನ್ನು ಮೂಲಗಳ ದಾರಿ ತೋರಿಸುವ ಪಟ್ಟಿಯಾಗಿ ಬಳಸಿ, ಅಲ್ಲಿನ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. 1975ರ ಅಧ್ಯಯನವೊಂದನ್ನು ಮೊದಲ ಪ್ರಬಂಧಕಾರ ತಪ್ಪಾಗಿ ಸಂಗ್ರಹಿಸಿದ್ದರೆ ಆ ತಪ್ಪು ಮುಂದಿನ ನಾಲ್ಕು ಪ್ರಬಂಧಗಳಲ್ಲಿ ಅಕ್ಷರಶಃ ಮರುಕಳಿಸಿರುವುದು ಅಪರೂಪವಲ್ಲ. ಮೂಲ ಸಿಗದೇ ಹೋದರೆ ಯಾರ ಬರಹದ ಮೂಲಕ ತಿಳಿಯಿತೋ ಅವರ ಹೆಸರನ್ನೂ ಹೇಳಬೇಕು.

ಅಂಕಿಅಂಶ ಮತ್ತು ಮೂಲ ದಾಖಲೆ

ಕೋಲಾರದಲ್ಲಿ ಎಷ್ಟು ಕೆರೆಗಳಿವೆ ಎಂಬುದಕ್ಕೆ ಮೂರು ವರದಿಗಳಲ್ಲಿ ಮೂರು ಉತ್ತರ ಸಿಗುತ್ತದೆ. ಒಂದು ಸರಿ, ಎರಡು ತಪ್ಪು ಎಂದೇನಲ್ಲ. ಕರ್ನಾಟಕದಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆ ನೀರುಣ್ಣುವ ಜಮೀನಿನ) ಕೆರೆಗಳು ಜಿಲ್ಲಾ ಪಂಚಾಯಿತಿ ವ್ಯಾಪ್ತಿಗೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ಸಣ್ಣ ನೀರಾವರಿ ಇಲಾಖೆಯ ಪಟ್ಟಿ ಮಾತ್ರ ನೋಡಿದರೆ ಹಳ್ಳಿಹಳ್ಳಿಯ ಚಿಕ್ಕ ಕೆರೆಗಳು ಲೆಕ್ಕಕ್ಕೇ ಸಿಗುವುದಿಲ್ಲ. ಕೇಂದ್ರ ಜಲಶಕ್ತಿ ಸಚಿವಾಲಯ 2023ರಲ್ಲಿ ಬಿಡುಗಡೆ ಮಾಡಿದ ಮೊದಲ ಜಲಕಾಯಗಳ ಗಣತಿಯಲ್ಲಿ ಕಟ್ಟೆ, ಕುಂಟೆಗಳಂಥವೂ ಬರುವುದರಿಂದ ಸಂಖ್ಯೆ ಮತ್ತೆ ಬೇರೆ. ಇವುಗಳ ಮೇಲೆ 2007ರ ಜಿಲ್ಲಾ ವಿಭಜನೆ. 2001ರ ಕೋಲಾರದ ಅಂಕಿಯನ್ನು 2011ರ ಕೋಲಾರದ ಅಂಕಿಯ ಪಕ್ಕ ಇಟ್ಟು "ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿದಿದೆ" ಎಂದು ಬರೆದರೆ ಇಳಿದದ್ದು ಕೆರೆಯಲ್ಲ, ಜಿಲ್ಲೆ. ತಾಲ್ಲೂಕುವಾರು ಅಂಕಿ ತೆಗೆದುಕೊಂಡು, ಹಳೆಯದರಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದ ತಾಲ್ಲೂಕುಗಳನ್ನು ಕಳೆದು ಹೋಲಿಸಬೇಕು. ಕೋಷ್ಟಕದ ಕೆಳಗೆ ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಇತಿಹಾಸದ ಕಡೆಗೆ ಹೋಗುವವರಿಗೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರದು. ಶಾಸನಗಳು ತಾಲ್ಲೂಕುವಾರು ಕ್ರಮಸಂಖ್ಯೆಯಲ್ಲಿವೆ, ಉಲ್ಲೇಖಿಸುವಾಗ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಬೇಕು. ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಕೊಟ್ಟ ಭೂದಾನ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರಿನಲ್ಲಿ ಬರುತ್ತದೆ, "ದಾನ" ಎಂಬ ಪದವೊಂದನ್ನೇ ಕಣ್ಣಲ್ಲಿ ಇಟ್ಟುಕೊಂಡು ಓದಿದರೆ ತಪ್ಪಿಹೋಗುತ್ತದೆ. ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಆದರೂ ಗ್ರಂಥಾಲಯದ ಅಚ್ಚು ಪ್ರತಿಯನ್ನು ಒಮ್ಮೆ ನೋಡಿ, ಸ್ಕ್ಯಾನ್‌ನಲ್ಲಿ ಪುಟಗಳು ಬಿಟ್ಟುಹೋಗಿರುವುದುಂಟು. ವಿಶ್ವಬ್ಯಾಂಕ್ ಯೋಜನೆಯ ಮೇಲೆ ಬರೆಯುವವರು ಬ್ಯಾಂಕಿನ ಜಾಲತಾಣದಿಂದ ಯೋಜನೆ ಶುರುವಾದಾಗಿನ ದಾಖಲೆ, ಮುಗಿದಾಗಿನ ವರದಿ ಎರಡನ್ನೂ ಇಳಿಸಿಕೊಂಡು ಪಕ್ಕಪಕ್ಕ ಓದಲಿ. ಹೇಳಿದ್ದಕ್ಕೂ ಆದದ್ದಕ್ಕೂ ನಡುವಿನ ಅಂತರದಲ್ಲೇ ಒಂದು ಅಧ್ಯಾಯ ಇರುತ್ತದೆ.

ಉಲ್ಲೇಖ, ಹೋಲಿಕೆ ಪರೀಕ್ಷೆ

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಬೇರೆ ಬರಹಗಳ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಆದರೆ ತಿದ್ದಿದ ಪ್ರತಿಯನ್ನು ಒಂದು ವರ್ಷ ಕೊಡುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ ಇವನ್ನು ಲೆಕ್ಕದಿಂದ ಬಿಡುತ್ತಾರೆ. ಸತತ ಹದಿನಾಲ್ಕು ಪದಗಳವರೆಗಿನ ಸರ್ವಸಾಮಾನ್ಯ ಮಾತಿಗೂ ವಿನಾಯಿತಿ ಇದೆ. ಆದರೆ ಶೇ. 9 ಬಂದಿತೆಂದು ನಿರಾಳವಾಗಬೇಡಿ. ಯಂತ್ರ ಪದ ಎಣಿಸುತ್ತದೆ, ಇನ್ನೊಬ್ಬರ ವಾದವನ್ನು ಪದ ಬದಲಿಸಿ ಹೆಸರು ಹೇಳದೆ ಬರೆದರೆ ಅದು ಯಂತ್ರಕ್ಕೆ ಸಿಗದಿದ್ದರೂ ಚೌರ್ಯವೇ.

ಎಐ ಚಾಟ್‌ಬಾಟ್‌ಗಳು ಕೊಡುವ ಆಕರ ಪಟ್ಟಿಯಲ್ಲಿ ಇಲ್ಲದ ಲೇಖನಗಳು ಇರುತ್ತವೆ: ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ಹುಟ್ಟೇ ಇಲ್ಲದ ಶೀರ್ಷಿಕೆ. ಲೇಖನಕ್ಕೆ ಕೊಡುವ ಸ್ಥಿರ ಗುರುತಿನ ಸಂಖ್ಯೆಯಾದ ಡಿಓಐಯನ್ನು ಡಿಓಐ ಜಾಲತಾಣದಲ್ಲಿ ಹಾಕಿದಾಗ ಲೇಖನದ ಪುಟ ತೆರೆಯದಿದ್ದರೆ, ಆ ಸಂಪುಟದ ಪರಿವಿಡಿಯಲ್ಲೂ ಕಾಣದಿದ್ದರೆ ತೆಗೆದುಹಾಕಿ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳಿಂದಲೂ ದೂರ ಇರಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು ನೋಡಿ ಅಳೆಯುವ ಕಾಲ ಮುಗಿಯಿತು, 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟಿತು. ಸಂಪಾದಕ ಮಂಡಳಿ ಯಾರು, ಹಿಂದಿನ ಸಂಚಿಕೆಗಳು ಹೇಗಿವೆ ಎಂದು ನೀವೇ ನೋಡಬೇಕು.

ಆಕರಗಳನ್ನು ಜೋಡಿಸಲು ಜೋಟೆರೊ ಎಂಬ ತಂತ್ರಾಂಶ ಸಾಕು, ಉಚಿತ. 300 ಎಂಬಿವರೆಗೆ ಕಡತಗಳನ್ನು ಅದರ ಸರ್ವರಿನಲ್ಲೂ ಇಡಬಹುದು. ನಮ್ಮ ಹೆಸರುಗಳಲ್ಲಿ ಮಾತ್ರ ಅದು ಮುಗ್ಗರಿಸುತ್ತದೆ. ಕೊನೆಯ ಪದವೇ ಮನೆತನದ ಹೆಸರು ಎಂಬ ಲೆಕ್ಕದಲ್ಲಿ ನಡೆಯುವುದರಿಂದ ಊರು, ತಂದೆಯ ಹೆಸರು ಇನಿಷಿಯಲ್ ಆಗಿರುವ ಕನ್ನಡದ ಲೇಖಕರು ಪಟ್ಟಿಯಲ್ಲಿ ಅಡ್ಡಾದಿಡ್ಡಿಯಾಗಿ ಕೂರುತ್ತಾರೆ. ಹೆಸರಿನ ಪಕ್ಕದ ಗುಂಡಿ ಒತ್ತಿ ಅದನ್ನು ಒಂದೇ ಖಾನೆಯ ಹೆಸರಾಗಿ ಬದಲಿಸಿ, ಪುಸ್ತಕದ ಶೀರ್ಷಿಕೆ ಪುಟದಲ್ಲಿ ಇರುವಂತೆ ತುಂಬಿದರೆ ಈ ತೊಂದರೆ ಇಲ್ಲ. ಕನ್ನಡ ಪ್ರಬಂಧದಲ್ಲಿ ಹೆಸರು ಮೊದಲು, ಇನಿಷಿಯಲ್ ಆಮೇಲೆ ಬರೆಯುವ ರೂಢಿ ಇದೆ. ನಿಮ್ಮ ವಿಭಾಗ ಯಾವುದನ್ನು ಕೇಳುತ್ತದೆ ಎಂದು ಮೊದಲೇ ಕೇಳಿಕೊಂಡು ಮೊದಲ ಆಕರದಿಂದ ಕೊನೆಯದರವರೆಗೂ ಅದನ್ನೇ ಪಾಲಿಸಿ. ಮತ್ತೆ, ಟಿಪ್ಪಣಿ ಬರೆದ ಪ್ರತಿ ಚೀಟಿಯ ಮೇಲೂ ಪುಟ ಸಂಖ್ಯೆ ಆಗಲೇ ಹಾಕಿ. ಸಲ್ಲಿಸುವ ಹಿಂದಿನ ದಿನ ಒಂದು ಪುಟ ಸಂಖ್ಯೆಗಾಗಿ ಗ್ರಂಥಾಲಯಕ್ಕೆ ಓಡಿ ಬಂದಾಗ ಆ ಪುಸ್ತಕವನ್ನು ಇನ್ನಾರೋ ತೆಗೆದುಕೊಂಡು ಹೋಗಿರುತ್ತಾರೆ.